ಇರಲೇಬೇಕಾದ ದೋಷ

ಮೂವತ್ತೊಂದು ವರ್ಷ ನಾನು ಸರಕಾರಿ ಹೈಸ್ಕೂಲುಗಳಲ್ಲಿ ಜೀವಶಾಸ್ತ್ರ ಕಲಿಸಿದೆ. ಒಂದು ಜೀವಕೋಶ ಎರಡಾಗುವುದು, ಎರಡು ನಾಲ್ಕಾಗುವುದು, ಇದನ್ನು ಬಣ್ಣದ ಚಾಕ್‌ಪೀಸಿನಲ್ಲಿ ಎಷ್ಟು ಸಲ ಬರೆದಿದ್ದೇನೋ. ಪ್ರತಿ ವರ್ಷ ಹಿಂದಿನ ಬೆಂಚಿನಿಂದ ಒಬ್ಬನಾದರೂ ಎದ್ದು ನಿಂತು, "ಟೀಚರ್, ಇದು ಯಾವಾಗ ನಿಂದರ್ತೈತ್ರಿ?" ಎಂದು ಕೇಳುತ್ತಿದ್ದ. "ಅದು ಪರೀಕ್ಷಾಕ್ಕ ಬರಂಗಿಲ್ಲ, ಕುಂದ್ರು" ಅನ್ನುತ್ತಿದ್ದೆ. ನಿವೃತ್ತಿಯಾದ ಎರಡನೆಯ ವರ್ಷ ಆ ಪ್ರಶ್ನೆ ನನ್ನ ಬಲಗಡೆಯ ಶ್ವಾಸಕೋಶದಲ್ಲಿ ಬಂದು ಕುಳಿತಿತು.

ಮೊದಲಿಗೆ ಬರೀ ಕೆಮ್ಮು. ತೊಗರಿ ರಾಶಿ ಮಾಡುವ ದಿನಗಳಲ್ಲಿ ಕುಷ್ಟಗಿಯಲ್ಲಿ ಕೆಮ್ಮದವರು ಯಾರಿದ್ದಾರೆ? ಎರಡು ತಿಂಗಳು ಧೂಳಿನ ಮೇಲೆ ಹಾಕಿ ಕಳೆದೆ. ಆಮೇಲೆ ಕೊಪ್ಪಳದಲ್ಲಿ ಸ್ಕ್ಯಾನ್ ಮಾಡಿಸಿದೆವು. ಬೆನ್ನಿನಿಂದ ಸೂಜಿ ಹಾಕಿ ಗಂಟಿನ ಒಂದು ಎಳೆ ತೆಗೆದರು. ಕ್ಯಾನ್ಸರ್ ಎಂದರು. ಕೇಳಿದವರೆಲ್ಲ ಮೊದಲು ಆಡಿದ ಮಾತು, "ಟೀಚರ್ ಬೀಡಿ ಸೇದಿದವರಲ್ಲಲ್ರಿ!" ಸೇದಿದವರು ನನ್ನ ಯಜಮಾನರು. ಬಸ್ ಕಂಡಕ್ಟರ್ ಆಗಿ ದುಡಿಯುವಾಗ ಪ್ರತಿ ಸ್ಟ್ಯಾಂಡಿನಲ್ಲಿ ಒಂದು ಬೀಡಿಯಂತೆ ಇಪ್ಪತ್ತು ವರ್ಷ ಸೇದಿದರು. ಅವರ ಎದೆಯ ಫೋಟೋ ತೆಗೆಸಿದರೆ ತೊಳೆದಿಟ್ಟ ತಾಟಿನ ಹಾಗೆ ಸ್ವಚ್ಛ. ಸೇದಿದವರು ಅವರು, ಉಂಡವಳು ನಾನು. ಒಂದು ವಾರ ನಾನು ಅವರ ಜೊತೆ ಮಾತು ಬಿಟ್ಟಿದ್ದೆ. ರೋಗದ ಮೇಲಿನ ಸಿಟ್ಟನ್ನು ಮತ್ಯಾರ ಮೇಲೆ ತೀರಿಸಲಿ?

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿಯ ಕ್ಯಾನ್ಸರ್ ಡಾಕ್ಟರು ನನ್ನ ಕಡೆಯ ಬ್ಯಾಚಿನ ಹುಡುಗಿಯರಿಗಿಂತ ಹದಿನೈದು ವರ್ಷ ದೊಡ್ಡವಳಿರಬೇಕು, ಅಷ್ಟೇ. ಗಂಟು ಶ್ವಾಸಕೋಶದಿಂದ ಆಚೆಗೂ ಕಾಲು ಚಾಚಿದೆ, ಕೊಯ್ದು ತೆಗೆಯಲಾಗುವುದಿಲ್ಲ ಎಂದಳು. ಆಮೇಲೆ ಯಜಮಾನರಿಗೆ ಜೀನು, ಪ್ರೋಟೀನು ಎಂದು ಬಿಡಿಸಿ ಹೇಳತೊಡಗಿದಳು. ಅವರು ಹೂಂಗುಟ್ಟುತ್ತಿದ್ದರು. ಅವರು ಹೂಂ ಅಂದರೆ ತಿಳಿದಿಲ್ಲ ಅಂತಲೇ ಅರ್ಥ, ಮೂವತ್ತಾರು ವರ್ಷದಿಂದ ನೋಡುತ್ತಿದ್ದೇನೆ. ನನಗೆ ತಡೆಯಲಾಗಲಿಲ್ಲ. ಡಾಕ್ಟರ ಕೈಯಿಂದ ಪೆನ್ನು ಕಸಿದುಕೊಂಡೆ.

"ನಮ್ಮ ದಾಳಿಂಬ್ರಿ ತ್ವಾಟದಾಗ ಬೋರಿನ ಸ್ಟಾರ್ಟರ್ ಐತಲ್ರಿ. ಒಮ್ಮೊಮ್ಮೆ ಅದು ಹಿಡ್ಕೊಂಡು ಬಿಡ್ತೈತಿ. ಗುಂಡಿ ಒತ್ತಿದ್ರೂ ಮೋಟಾರ್ ಬಂದ್ ಆಗಂಗಿಲ್ಲ, ತೊಟ್ಟಿ ತುಂಬಿ ಹೊರಗ ಹರೀತೈತಿ. ಜೀವಕೋಶಕ್ಕೂ ಬೆಳಿ ಅಂತ ಹೇಳೂ ಸ್ಟಾರ್ಟರ್ ಇರ್ತೈತಿ. ಅದನ್ನ ಮಾಡೂದು ಜೀನು. ಜೀನಿನ್ಯಾಗ ದೋಷ ಬಂದು ಸ್ಟಾರ್ಟರ್ ಹಿಡ್ಕೊಂಡಿದ್ರ, ಅದನ್ನ ಬಂದ್ ಮಾಡೂ ಗುಳಿಗಿ ಐತಿ. ಮೋಟಾರ್ ಬ್ಯಾರೆ ಯಾವುದೋ ಕಾರಣಕ್ಕ ಓಡಾಕತ್ತಿದ್ರ ಈ ಗುಳಿಗಿ ನುಂಗಿ ಉಪಯೋಗಿಲ್ಲ. ತಿಳೀತೇನ್ರಿ?"

"ಈಗ ತಿಳೀತು ನೋಡು," ಅಂದರು.

ಡಾಕ್ಟರು ನಕ್ಕಳು. "ನನಗಿಂತ ಛಲೋ ಹೇಳಿದ್ರಿ ಟೀಚರ್. ನಾಳೆಯಿಂದ ಬಂದು ಇಲ್ಲೇ ಕುಂದರ್ರಿ." ಆಮೇಲೆ ನಗು ನಿಲ್ಲಿಸಿ, ಕೊಪ್ಪಳದಲ್ಲಿ ತೆಗೆದ ಎಳೆಯನ್ನು ಮೇಣದಲ್ಲಿ ಕೂರಿಸಿ ಇಟ್ಟಿರುತ್ತಾರೆ, ಅದನ್ನು ತಂದುಕೊಡಿ, ಒಂದಿಷ್ಟು ಜೀನುಗಳನ್ನು ಪರೀಕ್ಷೆ ಮಾಡಿಸೋಣ ಎಂದಳು. ಆ ದೋಷ ಸಿಕ್ಕರೆ ದಿನಕ್ಕೊಂದು ಗುಳಿಗೆ, ಮನೆಯಲ್ಲೇ ಇದ್ದು ವರ್ಷಗಳ ಮಾತಾಡಬಹುದು. ಸಿಗದಿದ್ದರೆ ಮೂರು ವಾರಕ್ಕೊಮ್ಮೆ ಕೀಮೋ ಬಾಟಲಿ ಏರಿಸಬೇಕು, ಆಗ ಅಷ್ಟು ಧೈರ್ಯದ ಮಾತು ನಾನು ಆಡಲಾರೆ ಎಂದಳು. "ದೋಷ ಇರ್ಲಿ ಅಂತ ಬೇಡ್ಕೊಳ್ರಿ ಟೀಚರ್."

ಜೀವಮಾನದಲ್ಲಿ ಮೊದಲ ಸಲ ನನ್ನಲ್ಲಿ ಒಂದು ದೋಷ ಇರಲಿ ಎಂದು ನಾನೇ ಆಸೆಪಟ್ಟೆ. ನನ್ನ ಗಂಡನಿಗೆ ನನ್ನಲ್ಲಿ ದೋಷ ಹುಡುಕುವುದು ಎಂದೂ ಕಷ್ಟವಾಗಿರಲಿಲ್ಲ. ಈಗ ಅದಕ್ಕೆ ಪ್ರಯೋಗಾಲಯವೇ ಬೇಕಾಯಿತು.

ಮೇಣದ ತುಂಡನ್ನು ತರಲು ಯಜಮಾನರು ಒಬ್ಬರೇ ಕೊಪ್ಪಳಕ್ಕೆ ಹೋದರು. ಏಪ್ರಿಲ್ ತಿಂಗಳು. ಮೇಣ ಕರಗಿದರೆ ಹೆಂಡತಿ ಹೋದಳು ಎಂಬುದು ಅವರ ಲೆಕ್ಕ. ಆ ಮೇಣ ಅಷ್ಟು ಸುಲಭಕ್ಕೆ ಕರಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳದೆ, ಸ್ಟೀಲಿನ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ, ಹುಬ್ಬಳ್ಳಿ ಬಸ್ಸಿನಲ್ಲಿ ನೆರಳಿನ ಕಡೆಯ ಕಿಟಕಿ ಸೀಟಿನ ಮೇಲೆ ಅದನ್ನು ಕೂರಿಸಿ, ತಾವು ಪಕ್ಕದಲ್ಲಿ ಕುಳಿತರು. ದುಡಿಯುವಾಗ ಇವರು ಸೀಟಿನ ಮೇಲೆ ಒಂದು ಚೀಲವನ್ನೂ ಇಡಗೊಟ್ಟವರಲ್ಲ. ಬಂದ ಕಂಡಕ್ಟರ್ ಹೊಸ ಹುಡುಗ. ಡಬ್ಬಿ ತೊಡೆಯ ಮೇಲೆ ಇಟ್ಟುಕೊಳ್ಳಿ, ಇಲ್ಲವೇ ಅದಕ್ಕೂ ಟಿಕೆಟ್ ತಗೊಳ್ಳಿ ಅಂದ.

"ಇದಕ್ಕ ಟಿಕೀಟ ಇಲ್ಲಪಾ. ಇದರಾಗ ನನ್ನ ಹೆಂಡ್ತಿ ಅದಾಳ. ಹೆಣ್ಮಕ್ಕಳಿಗೆ ಫ್ರೀ ಐತಿ," ಅಂದರು ಇವರು. ಹೇಳಿ ಸುಮ್ಮನಾಗದೆ, ಆಸ್ಪತ್ರೆಯ ಕಾಗದಗಳ ಜೊತೆ ಇದ್ದ ನನ್ನ ಆಧಾರ್ ಕಾರ್ಡು ತೆಗೆದು ತೋರಿಸಿದರು.

ಹುಡುಗ ಆಧಾರ್ ನೋಡಿದ, ಡಬ್ಬಿ ನೋಡಿದ, ಟೊಪ್ಪಿಗೆ ತೆಗೆದು ಡಬ್ಬಿಗೆ ಕೈಮುಗಿದು ಮುಂದೆ ಹೋದ. ಗದಗ ದಾಟುವವರೆಗೆ ಯಾರೂ ಮೊಬೈಲಿನಲ್ಲಿ ಹಾಡು ಹಚ್ಚಲಿಲ್ಲ. ಹಿಂದಿನ ಸೀಟಿನ ಹೆಣ್ಣುಮಗಳೊಬ್ಬಳು ಮೆಲ್ಲಗೆ ಬಗ್ಗಿ, "ಯಾವಾಗ ತೀರ್ಕೊಂಡ್ರೀ ಯಣ್ಣಾ?" ಎಂದು ಕೇಳಿದಳು.

"ಇನ್ನೂ ಇಲ್ಲವ್ವಾ. ಮನ್ಯಾಗ ರೊಟ್ಟಿ ಬಡ್ಯಾಕತ್ಯಾಳ."

ಈ ಕಥೆಯನ್ನು ಇವರು ಮನೆಗೆ ಬಂದು ಹೇಳಿದಾಗ ನಾನು ಕೆಮ್ಮು ಬರುವ ಹಾಗೆ ನಕ್ಕೆ. ಅವರ ಬೀಡಿಯ ಮೇಲೆ ಉಳಿದಿದ್ದ ಸಿಟ್ಟು ಅಲ್ಲಿಗೆ ಕರಗಿತು. ವರದಿ ಬರಲು ಮೂರು ವಾರ ಎಂದಿದ್ದರು.

ಇಷ್ಟರಲ್ಲಿ ಒಂದು ಎಡವಟ್ಟು ಆಗಿಹೋಗಿತ್ತು. ಇರಕಲ್ಲಗಡದಲ್ಲಿ ನನ್ನ ಅಕ್ಕ ಇದ್ದಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು, ಎಪ್ಪತ್ತೆರಡು. ಗಂಡ ಹೋಗಿ ಬಹಳ ವರ್ಷವಾಯಿತು. ಮಗ, ಸೊಸೆ, ಎಮ್ಮೆ, ಓಣಿ ಎಲ್ಲವನ್ನೂ ಒಂದೇ ದನಿಯಲ್ಲಿ ಆಳುತ್ತಾಳೆ. ಯಜಮಾನರು ಅವಳಿಗೆ ಫೋನಿನಲ್ಲಿ, "ಒಳಗ ಏನೋ ದೋಷ ಐತೇನು ಅಂತ ಪರೀಕ್ಷಾಕ್ಕ ಕೊಟ್ಟು ಬಂದೀನ್ರಿ ಅಕ್ಕಾರ" ಎಂದು ಅರ್ಧ ಹೇಳಿದ್ದರು. ಉಳಿದರ್ಧ ಹೇಳುವಷ್ಟರಲ್ಲಿ ಅಕ್ಕ ಫೋನು ಇಟ್ಟು ಊರ ಹನುಮಪ್ಪನ ಗುಡಿಗೆ ಹೊರಟಾಗಿತ್ತು.

ನಮ್ಮ ಕಡೆ ದೇವರಿಗೆ ಹೂವು ಕೇಳುವುದು ಅಂತ ಇದೆ. ಪೂಜಾರಿ ಎರಡು ಹೂವನ್ನು ನೀರಲ್ಲಿ ಅದ್ದಿ ಮೂರ್ತಿಯ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಕೇಳುವುದನ್ನು ಕೇಳಿ ಕೈಮುಗಿದು ನಿಲ್ಲಬೇಕು. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆ, ಬೋರು, ಎಮ್ಮೆ ಖರೀದಿ, ಎಲ್ಲ ಹೀಗೇ ತೀರ್ಮಾನವಾಗುವುದು. ಅಕ್ಕ ಕೇಳಿದ್ದಳು: "ನನ್ನ ತಂಗಿ ಒಳಗ ಆ ದೋಷ ಇರಬಾರ್ದಪಾ. ಇಲ್ಲ ಅಂತಿದ್ರ ಬಲಕ್ಕ ಕೊಡು." ಮಾತು ಮುಗಿಯುವ ಮೊದಲೇ ಬಲಗಡೆಯ ಹೂವು ಬಿತ್ತಂತೆ. ಅಕ್ಕ ಸಕ್ಕರೆ ಹಂಚಿ ನನಗೆ ಫೋನು ಮಾಡಿದಳು.

"ಬಿಡು ಇನ್ನ ಚಿಂತಿ! ನಿನ್ನೊಳಗ ಯಾವ ದೋಷಾನೂ ಇಲ್ಲಂತ. ಸ್ವತಃ ಹನುಮಪ್ಪ ಬರ್ದು ಕೊಟ್ಟಾನ."

"ಅಕ್ಕಾ, ನಿನ್ನ ಬಾಯಿಗಿಷ್ಟು ಮಣ್ಣು ಹಾಕ! ದೋಷ ಇರಬೇಕು! ಇದ್ರನ ಗುಳಿಗಿ!" ಎಂದು ಕೂಗಿದೆ. ಆ ಕಡೆಯಿಂದ ಅಳು ಕೇಳಿಸಿತು. ಅಕ್ಕ ಅತ್ತದ್ದನ್ನು ನಾನು ಅವಳ ಗಂಡ ಸತ್ತಾಗ ಬಿಟ್ಟರೆ ಆವತ್ತೇ ಕೇಳಿದ್ದು.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ನಿಂಬೆಹಣ್ಣು ಕಟ್ಟಿದ ಲಾರಿಯೇ ಹಳ್ಳಕ್ಕೆ ಬಿದ್ದಿರುತ್ತದೆ ಎಂದು ಮಕ್ಕಳಿಗೆ ಪಾಠ ಮಾಡಿದವಳು. ಆದರೂ ಆ ಬಲಗಡೆಯ ಹೂವು ಮುಳ್ಳಾಗಿ ಚುಚ್ಚತೊಡಗಿತು. ರೊಟ್ಟಿ ತಟ್ಟುವಾಗ ಕಾಣುತ್ತಿತ್ತು, ಹಲ್ಲು ತಿಕ್ಕುವಾಗ ಕಾಣುತ್ತಿತ್ತು. ಮೂರನೆಯ ದಿನ ಯಜಮಾನರಿಗೆ, "ಅಕ್ಕ ಅಳಾಕತ್ಯಾಳ, ಆಕೀ ಸಮಾಧಾನಕ್ಕ ಹೋಗಿ ಬರೂಣು" ಅಂದೆ. ಅವರು ಹೂಂ ಅಂದರು. ಈ ಸಲ ಅವರಿಗೆ ಪೂರ್ತಿ ತಿಳಿದಿತ್ತು ಅಂತ ಕಾಣುತ್ತದೆ.

ಪೂಜಾರಿ ನನ್ನ ಶಿಷ್ಯ. ಇರಕಲ್ಲಗಡದಲ್ಲಿ ನಾನು ಆರು ವರ್ಷ ಕಲಿಸಿದ್ದೆ. ವಿಜ್ಞಾನದಲ್ಲಿ ಎರಡು ಸಲ ಫೇಲಾಗಿ ಗುಡಿ ಸೇರಿದವನು. ಈಗ ಅವನ ಮೀಸೆ ಬೆಳ್ಳಗಾಗುತ್ತಿದೆ. ನನ್ನನ್ನು ಕಂಡೊಡನೆ ಕೈಯಲ್ಲಿದ್ದ ಗಂಟೆ ಕೆಳಗಿಟ್ಟು ಕೈಕಟ್ಟಿ ನಿಂತ. ಅಕ್ಕ ನಡೆದದ್ದನ್ನೆಲ್ಲ ಹೇಳಿ, ಕೇಳಿದ್ದು ತಪ್ಪಾಗಿದೆ, ವಾಪಸು ತಗೋಬೇಕು ಅಂದಳು.

"ಕೊಟ್ಟ ಹೂವು ವಾಪಸ್ ಆಗಂಗಿಲ್ರಿ ಅಮ್ಮಾ," ಎಂದ ಪೂಜಾರಿ. ಅಕ್ಕನ ಮುಖ ನೋಡಿ ಮರುಕ ಬಂದಿರಬೇಕು. ತಲೆ ಕೆರೆದುಕೊಂಡು, "ಆದ್ರ ತಿದ್ದುಪಡಿ ಕೇಳಬಹುದು. ಪಹಣ್ಯಾಗ ಹೆಸರು ತಪ್ಪು ಬಿದ್ರ ತಹಸೀಲ್ ಆಫೀಸಿಗೆ ಅರ್ಜಿ ಕೊಡಂಗಿಲ್ಲೇನ್ರಿ? ಹಂಗ," ಅಂದ.

ಅಕ್ಕನಿಗೆ ಇದು ಒಪ್ಪಿಗೆಯಾಯಿತು. ಆದರೆ ಈ ಸಲ ಪ್ರಶ್ನೆ ತಪ್ಪಬಾರದು, ನೀನೇ ಹೇಳಿಕೊಡು ಎಂದು ನನ್ನನ್ನು ಮುಂದೆ ತಂದಳು. ಪ್ರಶ್ನೆ ಸರಿಯಾಗಿ ಬರೆಯುವುದು ನನ್ನ ಕಸುಬು. "ಬಲ ಶ್ವಾಸಕೋಶದ ಮ್ಯಾಲಿನ ಭಾಗದಾಗಿರೂ ಗಂಟಿನ ಜೀವಕೋಶದಾಗ, ಬೆಳವಣಿಗಿಯ ಜೀನಿನೊಳಗ, ಗುಳಿಗಿಗೆ ಬಗ್ಗೂವಂಥಾ ದೋಷ..."

"ತಡಿ ತಡಿ," ಎಂದಳು ಅಕ್ಕ. "ಹನುಮಪ್ಪಗ ಇಷ್ಟೆಲ್ಲಾ ಬಾಯಿಪಾಠ ಆಗಂಗಿಲ್ಲ. ಗುಳಿಗಿ ಹತ್ತತೈತೋ ಇಲ್ಲೋ, ಅಷ್ಟ ಕೇಳ್ತೀನಿ."

ಒಪ್ಪಿದೆ. ಆದರೆ ಅಷ್ಟರಲ್ಲಿ ನನ್ನೊಳಗಿನ ಟೀಚರ್ ಎದ್ದು ಕುಳಿತಿದ್ದಳು. ಮೂರ್ತಿಯ ಎದುರಿಗೇ ಫ್ಯಾನು ತಿರುಗುತ್ತಿತ್ತು. ಎಡಗಡೆಯ ಹೂವು ದೊಡ್ಡದು, ಬಲಗಡೆಯದು ಸಣ್ಣದು. "ಏನೋ ಇದು? ಹಿಂಗ ಪ್ರಯೋಗ ಮಾಡ್ತಾರೇನು? ಫ್ಯಾನ್ ಬಂದ್ ಮಾಡು. ಎರಡೂ ಹೂವು ಒಂದ ಅಳತೀದು ತಗೊ. ಒಂದ ಸಮ ನೀರಾಗ ಅದ್ದು." ಪೂಜಾರಿ ಹೇಳಿದಂತೆ ಮಾಡಿದ. ಎಂಟನೆಯ ಇಯತ್ತೆಯಲ್ಲಿ ಹೇಳಿದ ಮಾತು ಇಷ್ಟು ಕೇಳಿದ್ದರೆ ಪಾಸಾಗುತ್ತಿದ್ದ.

"ಮೊದ್ಲು ಉತ್ತರ ಗೊತ್ತಿದ್ದ ಪ್ರಶ್ನಿ ಒಂದು ಕೇಳಬೇಕು," ಎಂದೆ. "ಉಪಕರಣ ಸರಿ ಐತೋ ಇಲ್ಲೋ ಅದರ ಮ್ಯಾಲ ಗೊತ್ತಾಗ್ತೈತಿ."

"ಹನುಮಪ್ಪ ಉಪಕರಣ ಅಂತ!" ಎಂದು ಅಕ್ಕ ಕೆನ್ನೆ ಬಡಿದುಕೊಂಡಳು. ನಾನು ಬಿಡಲಿಲ್ಲ. ಕೈಮುಗಿಯದೆ ನೆಟ್ಟಗೆ ನಿಂತು, "ನಾನು ಟೀಚರ್ ಹೌದೋ ಅಲ್ಲೋ?" ಎಂದು ಕೇಳಿದೆ. ಅರ್ಧ ನಿಮಿಷದಲ್ಲಿ ಎಡಗಡೆಯ ಹೂವು ಟಪ್ಪನೆ ಬಿತ್ತು. ಅಲ್ಲ.

"ನೋಡಿದಿ? ಸುಳ್ಳು!" ಎಂದೆ. ಗೆದ್ದೆನೆಂಬ ಖುಷಿಗಿಂತ ಎದೆ ಹಗುರಾದದ್ದು ಹೆಚ್ಚು. ಇದು ಸುಳ್ಳಾದರೆ ಅಕ್ಕನ ಮೊದಲ ಹೂವೂ ಸುಳ್ಳು.

ಪೂಜಾರಿ ಗಂಟಲು ಸರಿ ಮಾಡಿಕೊಂಡ. "ತಪ್ಪು ತಿಳೀಬ್ಯಾಡ್ರಿ ಟೀಚರ್. ನೀವು ರಿಟೈರ್ ಆಗಿ ಎರಡು ವರ್ಷ ಆತಲ್ರಿ."

ಹಿಂದೆ ಸರದಿಯಲ್ಲಿ ನಿಂತವರೆಲ್ಲ ಹೋ ಎಂದು ನಕ್ಕರು. ಎರಡು ಸಲ ಫೇಲು ಮಾಡಿದವನ ಕೈಯಲ್ಲಿ ನಾನು ಫೇಲಾದೆ. ಯಜಮಾನರು ಕಂಬದ ಮರೆಗೆ ಹೋಗಿ ಭುಜ ಕುಣಿಸಿ ನಗುತ್ತಿದ್ದರು.

ಆಮೇಲೆ ನಿಜವಾದ ಪ್ರಶ್ನೆ. ಅಕ್ಕ ಸೆರಗು ಹೊದ್ದು ಮುಂದೆ ನಿಂತಳು. "ಹನುಮಪ್ಪಾ, ಹಿಂದ ಕೇಳಿದ್ದು ನನ್ನ ತಿಳಿಗೇಡಿತನ. ನಾ ಸಾಲಿ ಕಲ್ತಾಕಿ ಅಲ್ಲ. ಆಕೀಗಿ ಗುಳಿಗಿ ಹತ್ತಬೇಕು. ಆಕಿ ಒಳಗ ಆ ದೋಷ ಇರದಿದ್ರ ನನ್ನೊಳಗಿಂದ ತಗೊಂಡು ಹಾಕು. ದೋಷ ಇದ್ದಾಕಿ ನಾನು ಅಂತ ಊರಿಗೆಲ್ಲಾ ಗೊತ್ತೈತಿ." ಸರದಿಯಲ್ಲಿ ಇನ್ನೊಮ್ಮೆ ನಗು ಎದ್ದಿತು. ಅಕ್ಕ ತಿರುಗಿ ನೋಡಿದಳು, ನಗು ನಿಂತಿತು.

ಹೂವು ಬೀಳಲಿಲ್ಲ. ಎರಡು ನಿಮಿಷ, ಐದು ನಿಮಿಷ. ಫ್ಯಾನು ಬಂದ್ ಆದ ಗುಡಿಯಲ್ಲಿ ಬೆವರು ಕಣ್ಣಿಗೆ ಇಳಿಯತೊಡಗಿತು. ಹಿಂದೆ ಬೋರಿನ ಪಾಯಿಂಟು ಕೇಳಲು ಬಂದ ರೈತ, ಕಳೆದ ಎಮ್ಮೆ ಕೇಳಲು ಬಂದ ಮುದುಕಿ, ಎಲ್ಲರೂ ತಮ್ಮ ಪ್ರಶ್ನೆ ಮರೆತು ನನ್ನ ಹೂವನ್ನು ನೋಡುತ್ತಿದ್ದರು. ಒಂದು ಹೊತ್ತಿನಲ್ಲಿ ನನ್ನ ಕೈಗಳನ್ನು ನಾನೇ ನೋಡಿಕೊಂಡೆ. ಮುಗಿದಿದ್ದವು. ಯಾವಾಗ ಮುಗಿದೆನೋ ತಿಳಿಯದು. ಬೀಳು, ಬೀಳು, ಬಲಗಡೆ ಬೀಳು ಎಂದು ಒಂದೇ ಸಮ ಒಳಗೊಳಗೆ ಹೇಳುತ್ತಿದ್ದೆ. ಬದುಕಬೇಕು ಎಂಬ ಆಸೆ ಇಷ್ಟು ನಾಚಿಕೆಗೆಟ್ಟದ್ದು ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆಗ ಬೋರಿನ ರೈತ ಸೆಕೆ ತಾಳಲಾರದೆ ಫ್ಯಾನಿನ ಗುಂಡಿ ಒತ್ತಿಬಿಟ್ಟ. ಗಾಳಿ ಬೀಸಿದ್ದೇ ಎರಡೂ ಹೂವು ಒಟ್ಟಿಗೆ ಬಿದ್ದವು.

"ಪ್ರಯೋಗ ಕೆಟ್ಟು ಹೋತು!" ಎಂದು ನಾನು ಚೀರಿದೆ. "ಯಾರೋ ಅವ ಗುಂಡಿ ಒತ್ತಿದಾಂವ?" ರೈತ ಪೂಜಾರಿಯ ಬೆನ್ನ ಹಿಂದೆ ಸರಿದ. ಅಕ್ಕ ಮಾತ್ರ ಎರಡೂ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. "ಎರಡೂ ಕೊಟ್ಟಾನ. ದೊಡ್ಡ ಮನಸಿನಾಂವ," ಅಂದಳು. ಎರಡೂ ಅಂದರೆ ಹೌದೋ ಅಲ್ಲವೋ ಎಂದು ನಾನು ಪೂಜಾರಿಯನ್ನು ಕೇಳಿದೆ. ಇದು ಸಿಲೆಬಸ್ಸಿನಲ್ಲಿ ಇರಲಿಲ್ಲ ಎಂಬ ಮುಖ ಮಾಡಿ ನಿಂತಿದ್ದ.

ವರದಿ ಬಂದದ್ದು ಯಜಮಾನರ ಮೊಬೈಲಿಗೆ, ಒಂದು ಗುರುವಾರ ಬೆಳಿಗ್ಗೆ. ಅಕ್ಕ ಆಗ ನಮ್ಮಲ್ಲೇ ಬಂದು ಉಳಿದಿದ್ದಳು. ಸಣ್ಣ ಅಕ್ಷರ ನನಗೆ ಕಾಣುವುದಿಲ್ಲವೆಂದು ಇವರು ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿ ಅಚ್ಚು ಹಾಕಿಸಿಕೊಂಡು ಬಂದರು. ಹದಿನೈದು ಹಾಳೆ. ಅಂಗಡಿಯವನು ಕಾಗದ ಹೊರಬರುತ್ತಿದ್ದಂತೆ ಅರ್ಧ ಓದಿ, "ಭಾಳ ದೊಡ್ಡ ಬ್ಯಾನಿ ಐತ್ರಿ" ಎಂದು ಬೇರೆ ಹೇಳಿ ಕಳಿಸಿದ್ದ.

ಪರೀಕ್ಷೆಯ ಪೇಪರು ತಿದ್ದಿ ತಿದ್ದಿ ನನಗೆ ಉತ್ತರ ಎಲ್ಲಿದೆ ಎಂದು ಬೇಗ ಸಿಗುತ್ತದೆ. ಆವತ್ತು ಸಿಗಲಿಲ್ಲ. ಒಂದು ಜೀನು ಸರಿ ಇದೆ, ಇನ್ನೊಂದು ಸರಿ ಇದೆ, ಮತ್ತೊಂದೂ ಸರಿ ಇದೆ. ಒಂದೊಂದು ಸರಿಯನ್ನೂ ಬೆರಳಿನಿಂದ ದಾಟುತ್ತ ತಪ್ಪು ಹುಡುಕಿದೆ. ಅಕ್ಕ ಎದುರಿಗೆ ಕುಳಿತು, "ಐತೋ ಇಲ್ಲೋ? ಐತೋ ಇಲ್ಲೋ?" ಎಂದು ಜಪ ಮಾಡುತ್ತಿದ್ದಳು. ಎರಡನೆಯ ಹಾಳೆಯ ಕೆಳಗೆ ಸಿಕ್ಕಿತು. ಅದೇ ಸ್ಟಾರ್ಟರು, ಅದೇ ದೋಷ, ಪಕ್ಕದಲ್ಲೇ ಹತ್ತುವ ಗುಳಿಗೆಯ ಹೆಸರು.

"ಐತಿ," ಎಂದೆ. ಇನ್ನೊಮ್ಮೆ ಅಂದೆ.

ಅಕ್ಕ ಎದ್ದವಳೇ ಬಾಗಿಲಿಗೆ ಹೋಗಿ, ಓಣಿಗೆಲ್ಲ ಕೇಳುವ ಹಾಗೆ, "ನನ್ನ ತಂಗೀಗಿ ದೋಷ ಐತಂತ್ರವ್ವೋ! ಕಡೀಗೂ ಐತಂತ!" ಎಂದು ಕೂಗಿ, ಸಕ್ಕರೆ ಡಬ್ಬಿ ಹಿಡಿದು ಹೊರಟಳು. ಎದುರು ಮನೆಯವಳು ಝೆರಾಕ್ಸ್ ಅಂಗಡಿಯ ಸುದ್ದಿ ಆಗಲೇ ಕೇಳಿದ್ದಳು. ಸಮಾಧಾನ ಹೇಳಬೇಕೆಂದು ಮುಖ ಸಣ್ಣದು ಮಾಡಿಕೊಂಡು ಹೊಸಿಲು ದಾಟುತ್ತಿದ್ದವಳ ಬಾಯಿಗೆ ಅಕ್ಕ ಹಿಡಿ ಸಕ್ಕರೆ ಹಾಕಿದಳು. ಪಾಪ, ಅವಳು ಅಳುವುದೋ ನುಂಗುವುದೋ ತಿಳಿಯದೆ ನಿಂತಳು. ಕ್ಯಾನ್ಸರ್ ತಲೆಗೆ ಏರಿದೆ, ತಂಗಿಗಲ್ಲ, ಅಕ್ಕನಿಗೆ ಎಂದು ಓಣಿಯಲ್ಲಿ ಎರಡು ದಿನ ಮಾತಾಯಿತು.

ಗುಳಿಗೆ ಶುರುವಾಗಿ ಹತ್ತನೆಯ ದಿನಕ್ಕೆ ನನ್ನ ಮುಖದ ತುಂಬ ಮೊಡವೆ ಎದ್ದವು. ಅರವತ್ತೆರಡನೆಯ ವಯಸ್ಸಿನಲ್ಲಿ! ಉಗುರಿನ ಅಂಚು ಬಿರಿದವು, ಹೊಟ್ಟೆ ಕೆಟ್ಟಿತು. ಡಾಕ್ಟರಿಗೆ ಫೋನಿನಲ್ಲಿ ಸಿಟ್ಟಿನಿಂದ ಹೇಳಿದರೆ, ಮುಲಾಮು ಬರೆದು, "ಮೊಡವೆ ಎದ್ದವರಿಗೆ ಗುಳಿಗಿ ಛಲೋ ಹತ್ತೂದು ಹೆಚ್ಚು ಟೀಚರ್, ಧೈರ್ಯ ಇರ್ಲಿ" ಅಂದಳು. ಇದನ್ನು ಅಕ್ಕನಿಗೆ ಹೇಳಿದ್ದು ನನ್ನ ತಪ್ಪು. ಆವತ್ತಿನಿಂದ ದಿನಾ ಬೆಳಿಗ್ಗೆ ನನ್ನ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ ಮೊಡವೆ ಎಣಿಸತೊಡಗಿದಳು. ಒಂದು ಕಡಿಮೆಯಾದರೆ ಮುಖ ಬಾಡುತ್ತಿತ್ತು. ಹೊಸದು ಎದ್ದರೆ ಯಜಮಾನರನ್ನು ಕರೆದು, "ಕಂಡಕ್ಟರ್ ಸಾಹೇಬ್ರ, ಬರ್ರಿ, ಮೂಗಿನ ಮ್ಯಾಲ ಒಂದು ಬಂದೈತಿ" ಎಂದು ತೋರಿಸುತ್ತಿದ್ದಳು.

ಮೂರು ತಿಂಗಳಿಗೆ ಸ್ಕ್ಯಾನ್. ಗಂಟು ಅರ್ಧಕ್ಕಿಂತ ಸಣ್ಣದಾಗಿತ್ತು. ಮೂವರೂ ಹೋಗಿದ್ದೆವು. ಡಾಕ್ಟರು ಹಳೆಯ ಚಿತ್ರ ಹೊಸ ಚಿತ್ರ ಜೋಡಿಸಿ ತೋರಿಸಿದಾಗ ಯಜಮಾನರು ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು. ನಾನು ಅವರಿಬ್ಬರನ್ನು ಹೊರಗೆ ಕಳಿಸಿ, ಒಬ್ಬಳೇ ಕುಳಿತು, ಹಿಂದಿನ ಬೆಂಚಿನ ಹುಡುಗರ ಹಾಗೆ ಎದ್ದು ನಿಂತು ಕೇಳಿದೆ. "ಎಷ್ಟು ದಿನ?"

ಅವಳು ಪರೀಕ್ಷೆಗೆ ಬರುವುದಿಲ್ಲ ಅನ್ನಲಿಲ್ಲ. ಕೆಲವರಿಗೆ ಒಂದು ವರ್ಷ, ಕೆಲವರಿಗೆ ಎರಡು, ಇನ್ನು ಕೆಲವರಿಗೆ ಅದಕ್ಕೂ ಹೆಚ್ಚು. ಆಮೇಲೆ ಜೀವಕೋಶ ಗುಳಿಗೆಯನ್ನು ದಾಟುವ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ಆಗ ಮತ್ತೆ ಪರೀಕ್ಷೆ, ಸಿಕ್ಕರೆ ಮತ್ತೊಂದು ಗುಳಿಗೆ. ಇಷ್ಟನ್ನು ನೇರವಾಗಿ ಹೇಳಿದಳು. ನನಗಿಂತ ಒಳ್ಳೆಯ ಟೀಚರ್.

ಬಸ್ಸಿನಲ್ಲಿ ಅಕ್ಕ ನನ್ನ ಪಕ್ಕ ಕುಳಿತಳು. ಯಜಮಾನರು ಮುಂದೆ ಕುಳಿತು ಕಂಡಕ್ಟರನಿಗೆ ಚಿಲ್ಲರೆ ಹೇಗೆ ಜೋಡಿಸಿಡಬೇಕೆಂದು ಕಲಿಸುತ್ತಿದ್ದರು. ಕುಕನೂರು ದಾಟಿ ಯಲಬುರ್ಗಾ ಬಂತು. ಬಸ್ಸು ಅಲ್ಲಿ ನಿಂತಾಗ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು. "ಡಾಕ್ಟರು ನಿನಗೊಬ್ಬಾಕೀಗೆ ಏನಂದ್ರು?"

"ಛಲೋ ಐತಿ ಅಂದ್ರು."

"ಅದು ನಮ್ಮ ಮುಂದನ ಅಂದ್ರಲ್ಲ. ಎಷ್ಟು ದಿನ ಅಂದ್ರು?"

ಹೇಳಿದೆ. ಒಂದು ವರ್ಷ, ಎರಡು, ಹಣೆಬರಹ ಇದ್ದರೆ ಇನ್ನಷ್ಟು. "ಅಕ್ಕಾ, ನನಗ ಭಾಳ ಅಂಜಿಕಿ ಆಗ್ತೈತಿ," ಎಂದೆ. ಈ ಮಾತನ್ನು ನಾನು ಅಲ್ಲಿಯವರೆಗೆ ಯಾರ ಮುಂದೆಯೂ ಆಡಿರಲಿಲ್ಲ, ನನ್ನ ಮುಂದೆಯೂ.

ಅವಳು ತಲೆ ಸವರುತ್ತಾಳೆ ಅಂದುಕೊಂಡೆ. ಬೈದಳು.

"ಒಂದು ವರ್ಷ, ಎರಡು ವರ್ಷ ಅಂದ್ರ ನೀನು ಹೂಂ ಅಂತ ಎದ್ದು ಬಂದ್ಯಾ? ಸಾಲಿ ಕಲಿತಾಕಿ! ಅವ್ವ ಎಂಬತ್ತೆರಡಕ್ಕ ಹೋದ್ಲು, ನಾನೂ ಅಷ್ಟಕ್ಕ ಹೋಗಾಕಿ. ಇನ್ನ ಹತ್ತು ವರ್ಷ ಐತಿ. ಮೊದ್ಲು ಹುಟ್ಟಿದಾಕಿ ನಾನು, ಮೊದ್ಲು ಹೋಗಾಕೀನೂ ನಾನ. ಹುಟ್ಟಿದಾಗಿಂದ ನೀ ನನ್ನ ಮುಂದ ನುಗ್ಗಿ ಬಂದಿ. ನಾ ನಿನ್ನ ಬಗಲಾಗ ಎತ್ಕೊಂಡು ಕುಂತೆ, ನೀ ಸಾಲಿಗೆ ಹೋದಿ. ನಾ ಕಸಾ ತಗದೆ, ನೀ ನೌಕರಿ ಹಿಡದಿ. ಎಲ್ಲಾದ್ರಾಗೂ ಬಿಟ್ಟು ಕೊಟ್ಟೀನಿ. ಇದರಾಗ ಬಿಟ್ಟು ಕೊಡಂಗಿಲ್ಲ. ನೀ ಪಾಳಿ ತಪ್ಪಿಸಿ ನನ್ನ ಮುಂದ ಹೋಗೂ ಹಂಗಿಲ್ಲ. ನನ್ನ ಹತ್ತು, ನನ್ನ ವರ್ಷದ ತಿಥಿ ಮಾಡಾಕ ನಿನಗೊಂದು, ಹನ್ನೊಂದು ವರ್ಷಕ್ಕ ಸಾಲೂ ಅಷ್ಟು ಗುಳಿಗಿ ಬರ್ದು ಕೊಡು ಅನ್ನಾಕ ಏನಾಗಿತ್ತು ನಿನಗ?"

ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ನಾನು ಅವಳ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವಳು ಕುಷ್ಟಗಿ ಬರುವವರೆಗೆ ಬೈಯುತ್ತಲೇ ಇದ್ದಳು, ನನ್ನ ಕೈ ಮಾತ್ರ ಬಿಡಲಿಲ್ಲ.

ಮುಂದಿನ ಸಲ ಡಾಕ್ಟರ ಕೋಣೆಗೆ ನನಗಿಂತ ಮೊದಲು ಅಕ್ಕ ನುಗ್ಗಿದಳು. ಕುಳಿತುಕೊಳ್ಳದೆ, ಹತ್ತು ಮತ್ತು ಒಂದರ ಲೆಕ್ಕವನ್ನು ನಿಂತೇ ಒಪ್ಪಿಸಿದಳು. "ಪ್ರಯತ್ನ ಮಾಡೂಣ್ರಿ ಅಮ್ಮಾ," ಎಂದಳು ಡಾಕ್ಟರು. "ಪ್ರಯತ್ನ ಬ್ಯಾಡ. ಬರ್ಕೋರಿ," ಎಂದಳು ಅಕ್ಕ. ಹೊರಗೆ ಇಪ್ಪತ್ತು ಮಂದಿ ಕಾಯುತ್ತಿದ್ದರು. ಡಾಕ್ಟರು ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಫೈಲು ಎಳೆದುಕೊಂಡು ಬರೆದಳು. ಜೀನು, ಗುಳಿಗೆ, ಗಂಟಿನ ಅಳತೆ ಎಲ್ಲ ಇಂಗ್ಲಿಷಿನಲ್ಲಿರುವ ಆ ಫೈಲಿನಲ್ಲಿ ಒಂದೇ ಒಂದು ಸಾಲು ಕನ್ನಡದಲ್ಲಿದೆ: ಅಕ್ಕನವರ ಬೇಡಿಕೆ, ಹನ್ನೊಂದು ವರ್ಷ.

ಅದರಲ್ಲಿ ಒಂದು ವರ್ಷ ನಾಲ್ಕು ತಿಂಗಳು ಆಗಿದೆ.